ವಿಮಾನ ಊರಿಂದೂರಿಗೆ, ಕಾರು ಊರಾಚೆಗೆ: ಕಡಿಮೆ ಖರ್ಚಿನಲ್ಲಿ ಯುರೋಪ್ ತಿರುಗಾಟ

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಲಂಡನ್‌ಗಳಿಗೆ ನೇರ ವಿಮಾನಗಳಿವೆ. ಯುರೋಪ್ ಪ್ರವಾಸದ ಹಣದಲ್ಲಿ ದೊಡ್ಡ ಪಾಲು ಆ ಒಂದು ಟಿಕೆಟ್ಟಿಗೇ ಹೋಗುತ್ತದೆ, ಅಲ್ಲಿ ಉಳಿಸುವುದಕ್ಕೆ ಹೆಚ್ಚು ದಾರಿಯಿಲ್ಲ. ಉಳಿತಾಯವಿರುವುದು ಅಲ್ಲಿ ಇಳಿದ ಮೇಲಿನ ಓಡಾಟದಲ್ಲಿ. ಹಬ್ಬದ ಹಿಂದಿನ ದಿನ ಬೆಂಗಳೂರಿನಿಂದ ಊರಿಗೆ ಹೋಗುವ ಖಾಸಗಿ ಸ್ಲೀಪರ್ ಬಸ್ಸಿಗೆ ಕೊಡುವಷ್ಟೇ ಹಣಕ್ಕೆ ಅಲ್ಲಿ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ವಿಮಾನದಲ್ಲಿ ಹೋಗಬಹುದು. ನಾಲ್ಕು ಜನರ ಕುಟುಂಬವಾದರೆ ಹಳ್ಳಿಗಾಡಿನಲ್ಲಿ ರೈಲಿಗಿಂತ ಬಾಡಿಗೆ ಕಾರೇ ಅಗ್ಗ. ಈ ಎರಡನ್ನೂ ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂದು ತಿಳಿದವರಿಗೆ ಪ್ರವಾಸ ಕೈಗೆಟಕುತ್ತದೆ. ತಿಳಿಯದೆ ಹೋದವರು ಅಗ್ಗದ ಟಿಕೆಟ್ ಕೊಂಡು ದುಬಾರಿ ಪ್ರವಾಸ ಮಾಡಿ ಬರುತ್ತಾರೆ.

ಟಿಕೆಟ್ ಅಗ್ಗವಾದ ಬಗೆ

1980ರ ದಶಕದವರೆಗೆ ಯುರೋಪಿನಲ್ಲಿ ವಿಮಾನಯಾನ ಸರ್ಕಾರಗಳ ಹಿಡಿತದಲ್ಲಿತ್ತು. ಎರಡು ದೇಶಗಳು ಒಪ್ಪಂದ ಮಾಡಿಕೊಂಡು, ಮಾರ್ಗವನ್ನು ತಮ್ಮತಮ್ಮ ರಾಷ್ಟ್ರೀಯ ಸಂಸ್ಥೆಗಳಿಗೆ ಹಂಚುತ್ತಿದ್ದವು. ದರಕ್ಕೂ ಸರ್ಕಾರದ ಒಪ್ಪಿಗೆ ಬೇಕಿತ್ತು. ಐರ್ಲೆಂಡಿನ ರಯಾನ್‌ಏರ್ 1985ರಲ್ಲಿ ಹದಿನೈದು ಸೀಟಿನ ಪುಟ್ಟ ವಿಮಾನದಿಂದ ಶುರುವಾಯಿತು. ಮರುವರ್ಷ ಅದು ಡಬ್ಲಿನ್–ಲಂಡನ್ ಮಾರ್ಗಕ್ಕೆ ಇಳಿದಾಗ ಕೇಳಿದ ದರ ದೊಡ್ಡ ಸಂಸ್ಥೆಗಳ ದರದ ಅರ್ಧಕ್ಕಿಂತ ಕಡಿಮೆ. ಯುರೋಪಿಯನ್ ಸಮುದಾಯ (ಇಂದಿನ ಯುರೋಪಿಯನ್ ಒಕ್ಕೂಟ) 1987, 1990 ಮತ್ತು 1992ರಲ್ಲಿ ಮೂರು ಹಂತಗಳಲ್ಲಿ ನಿಯಮಗಳನ್ನು ಸಡಿಲಿಸಿತು. 1997ರ ಏಪ್ರಿಲ್ ಹೊತ್ತಿಗೆ ಒಕ್ಕೂಟದ ಯಾವ ಸಂಸ್ಥೆ ಬೇಕಾದರೂ ಒಕ್ಕೂಟದ ಯಾವ ಎರಡು ಊರುಗಳ ನಡುವೆಯೂ ಹಾರಬಹುದಾಯಿತು.

ಬಾಗಿಲು ತೆರೆದದ್ದೇ ತಡ, ಹೊಸಬರು ನುಗ್ಗಿದರು. ಸ್ಟೆಲಿಯೋಸ್ ಹಾಜಿ-ಇಯೊನ್ನು ಕಟ್ಟಿದ ಈಸಿಜೆಟ್ 1995ರ ನವೆಂಬರಿನಲ್ಲಿ ಲಂಡನ್ ಬಳಿಯ ಲೂಟನ್‌ನಿಂದ ಗ್ಲಾಸ್ಗೋಗೆ 29 ಪೌಂಡಿಗೆ ಜನರನ್ನು ಕರೆದೊಯ್ದಿತು. ಏಜೆಂಟರಿಗೆ ಕಮಿಷನ್ ಕೊಡಬಾರದೆಂದು ಬುಕಿಂಗ್ ಫೋನ್ ನಂಬರನ್ನು ವಿಮಾನದ ಮೈಮೇಲೇ ದೊಡ್ಡದಾಗಿ ಬರೆಸಿತ್ತು. ಹಂಗೇರಿಯ ವಿಜ್ ಏರ್ 2004ರ ಮೇ ತಿಂಗಳಲ್ಲಿ, ಪೂರ್ವದ ದೇಶಗಳು ಒಕ್ಕೂಟ ಸೇರಿದ ಹೊತ್ತಿಗೇ ಹಾರಲು ಶುರುಮಾಡಿತು. ಇವೆಲ್ಲಕ್ಕೂ ಮಾದರಿ ಅಮೆರಿಕದ ಸೌತ್‌ವೆಸ್ಟ್. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಇದೇ ಮಾದರಿಯನ್ನು ನಮ್ಮಲ್ಲಿಗೆ ತಂದರು. 2003ರಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿದ ಅವರ ಏರ್ ಡೆಕ್ಕನ್ ವಿಮಾನದಲ್ಲಿ ಕೂತವರಿಗೆ ಯುರೋಪಿನ ಈ ವ್ಯವಸ್ಥೆಯನ್ನು ಹೆಚ್ಚು ವಿವರಿಸಬೇಕಿಲ್ಲ.

ಲೆಕ್ಕ ಸರಳವಾದದ್ದು. ಎಲ್ಲ ವಿಮಾನಗಳೂ ಒಂದೇ ಜಾತಿಯವಾದರೆ ಪೈಲಟ್ ತರಬೇತಿ, ಬಿಡಿಭಾಗ, ರಿಪೇರಿ ಎಲ್ಲವೂ ಅಗ್ಗ. ನಿಲ್ದಾಣಕ್ಕೆ ಬಂದ ವಿಮಾನ ಇಪ್ಪತ್ತೈದು ನಿಮಿಷದಲ್ಲಿ ಮತ್ತೆ ಹೊರಟರೆ ದಿನಕ್ಕೆ ಒಂದೆರಡು ಸುತ್ತು ಹೆಚ್ಚು. ಊಟ, ಲಗೇಜು, ಸೀಟಿನ ಆಯ್ಕೆ ಎಲ್ಲಕ್ಕೂ ಬೇರೆ ದುಡ್ಡು. ಶುಲ್ಕ ಕಡಿಮೆಯಿರುವ ಸಣ್ಣ ನಿಲ್ದಾಣಗಳೇ ಗತಿ. ಪ್ರಯಾಣಿಕ ಎಚ್ಚರ ತಪ್ಪುವುದು ಈ ಕಡೆಯ ಎರಡು ವಿಷಯಗಳಲ್ಲಿ.

ನಿಲ್ದಾಣದ ಹೆಸರು ನಂಬಬೇಡಿ

ಟಿಕೆಟ್ಟಿನ ಮೇಲೆ ಪ್ಯಾರಿಸ್ ಎಂದಿರುತ್ತದೆ, ವಿಮಾನ ಇಳಿಯುವುದು ಬೋವೆಯಲ್ಲಿ. ಅದು ಪ್ಯಾರಿಸ್ಸಿನಿಂದ ಸುಮಾರು 85 ಕಿ.ಮೀ. ದೂರ. ಒಂದು ಕಾಲದಲ್ಲಿ ಅಮೆರಿಕದ ವಾಯುನೆಲೆಯಾಗಿದ್ದ ಹಾನ್ ನಿಲ್ದಾಣ ಫ್ರಾಂಕ್‌ಫರ್ಟ್ ಹೆಸರಿನಲ್ಲಿ ಮಾರಾಟವಾಯಿತು, ಊರು ಅಲ್ಲಿಂದ ಸುಮಾರು 120 ಕಿ.ಮೀ. ಮ್ಯೂನಿಕ್ ಎಂದರೆ ಮೆಮಿಂಗನ್, ಸ್ಟಾಕ್‌ಹೋಮ್ ಎಂದರೆ ಸ್ಕಾವ್‌ಸ್ಟಾ, ಇವೂ ನೂರು ಕಿ.ಮೀ. ಆಸುಪಾಸು. ತುಮಕೂರಿನಲ್ಲಿ ಇಳಿಸಿ ಬೆಂಗಳೂರು ಎಂದರೂ ಇದಕ್ಕಿಂತ ಹತ್ತಿರ. ಬಸ್ಸಿನ ದುಡ್ಡು, ಅದರಲ್ಲಿ ಕಳೆಯುವ ಸಮಯ, ಬೆಳಗಿನ ಆರರ ವಿಮಾನವಾದರೆ ನಿಲ್ದಾಣದ ಪಕ್ಕದ ಒಂದು ರಾತ್ರಿಯ ಕೋಣೆ, ಇಷ್ಟನ್ನೂ ಟಿಕೆಟ್ ದರಕ್ಕೆ ಕೂಡಿಸಿ ನೋಡಬೇಕು. ನಾಲ್ವರ ಬಸ್ ಚಾರ್ಜು ಕೂಡಿಸಿದರೆ ಮುಖ್ಯ ನಿಲ್ದಾಣಕ್ಕೆ ಹೋಗುವ ದುಬಾರಿ ವಿಮಾನವೇ ಎಷ್ಟೋ ಸಲ ಅಗ್ಗವಾಗುತ್ತದೆ.

ಇದೇ ದೂರ ಕೆಲವು ಸಲ ಅನುಕೂಲವೂ ಹೌದು. ಮಿಲಾನ್ ಹೆಸರಿನಲ್ಲಿ ಮಾರುವ ಬೆರ್ಗಾಮೊ ನಿಲ್ದಾಣ ಮಿಲಾನ್‌ಗೆ ಸುಮಾರು 50 ಕಿ.ಮೀ., ಆದರೆ ಬೆರ್ಗಾಮೊ ಊರಿಗೆ ಐದೇ ಕಿ.ಮೀ. ಗುಡ್ಡದ ಮೇಲೆ ಕೋಟೆಗೋಡೆಯೊಳಗೆ ಕೂತ ಆ ಹಳೆಯ ಪೇಟೆಯನ್ನು ನೋಡಿಕೊಂಡು, ಅಲ್ಲಿಂದಲೇ ಕಾರು ಹಿಡಿದು ಇಟಲಿಯ ಸರೋವರಗಳ ಕಡೆ ಹೊರಟರೆ ಮಿಲಾನ್‌ನ ಗದ್ದಲಕ್ಕೆ ಹೋಗುವ ಅಗತ್ಯವೇ ಇಲ್ಲ. ದೂರದ ನಿಲ್ದಾಣ ನಗರಕ್ಕೆ ಹೋಗುವವರಿಗೆ ಕೆಟ್ಟದ್ದು, ಹಳ್ಳಿಗಾಡಿಗೆ ಹೋಗುವವರಿಗೆ ಒಳ್ಳೆಯದು.

ಬ್ಯಾಗು, ಬೋರ್ಡಿಂಗ್ ಪಾಸು, ದಾಖಲೆ ತಪಾಸಣೆ

ಮೂಲ ದರದಲ್ಲಿ ಒಳಗೆ ಒಯ್ಯಬಹುದಾದದ್ದು ಒಂದೇ ಒಂದು ಸಣ್ಣ ಬ್ಯಾಗು, ಅದೂ ಮುಂದಿನ ಸೀಟಿನ ಕೆಳಗೆ ಹಿಡಿಸುವಂಥದ್ದು. ವಿಜ್ ಏರ್ ಹೇಳುವ ಅಳತೆ 40, 30, 20 ಸೆಂ.ಮೀ. ಈಸಿಜೆಟ್ ಸ್ವಲ್ಪ ಧಾರಾಳಿ: 45, 36, 20. ಹೈಸ್ಕೂಲು ಹುಡುಗರ ಪುಸ್ತಕದ ಬ್ಯಾಗು ತುಂಬಿ ಉಬ್ಬಿದರೆ ಈ ಇಪ್ಪತ್ತು ಸೆಂ.ಮೀ. ದಾಟುತ್ತದೆ. ಮನೆಯಲ್ಲೇ ಬ್ಯಾಗಿಗೆ ಬಟ್ಟೆ ತುಂಬಿ, ಜಿಪ್ ಎಳೆದು, ಹೊರಗಿನ ಜೇಬಿಗೆ ನೀರಿನ ಬಾಟಲಿಯನ್ನೂ ಇಟ್ಟು, ದರ್ಜಿಯ ಟೇಪಿನಲ್ಲಿ ಅಳೆಯಿರಿ. ಚಕ್ರ, ಹಿಡಿಕೆ ಎರಡೂ ಅಳತೆಗೆ ಸೇರುತ್ತವೆ. ಗೇಟಿನ ಬಳಿ ಲೋಹದ ಚೌಕಟ್ಟಿನೊಳಗೆ ಬ್ಯಾಗು ಇಳಿಯದಿದ್ದರೆ ಅಲ್ಲಿ ಕೀಳುವ ದಂಡ ಟಿಕೆಟ್ಟಿಗಿಂತ ಹೆಚ್ಚು. ರಯಾನ್‌ಏರ್‌ನಲ್ಲಿ 75 ಯೂರೋವರೆಗೂ ಹೋಗುತ್ತದೆ. ಮಕ್ಕಳಿರುವ ಕುಟುಂಬಕ್ಕೆ ನನ್ನ ಸಲಹೆ: ಟಿಕೆಟ್ ಕೊಳ್ಳುವಾಗಲೇ ಎಲ್ಲರಿಗೂ ಸೇರಿ ಒಂದು 20 ಕಿಲೋ ಚೆಕ್-ಇನ್ ಬ್ಯಾಗಿಗೆ ದುಡ್ಡು ಕಟ್ಟಿಬಿಡಿ, ಮನಸ್ಸಿಗೆ ನೆಮ್ಮದಿ. ದೊಡ್ಡ ಸೂಟ್‌ಕೇಸುಗಳನ್ನು ವಾಪಸು ಬರುವ ಊರಿನ ಹೋಟೆಲಿನಲ್ಲೇ ಬಿಟ್ಟು ಹೋಗಬಹುದು.

ಚೆಕ್-ಇನ್ ಅನ್ನು ಮೊಬೈಲಿನಲ್ಲೇ ಮುಗಿಸಬೇಕು. ಮರೆತು ಕೌಂಟರಿಗೆ ಹೋದರೆ ರಯಾನ್‌ಏರ್ ತಲೆಗೆ 55 ಯೂರೋ ಕೇಳುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇನ್ನೂ ಒಂದು ಕೆಲಸವಿದೆ. ಒಕ್ಕೂಟದ ಪ್ರಜೆಗಳಲ್ಲದವರು ರಯಾನ್‌ಏರ್ ಹತ್ತುವ ಮುನ್ನ, ಭದ್ರತಾ ತಪಾಸಣೆಗೂ ಮೊದಲೇ, ಕೌಂಟರಿನಲ್ಲಿ ಪಾಸ್‌ಪೋರ್ಟ್ ಮತ್ತು ವೀಸಾ ತೋರಿಸಿ ದಾಖಲೆ ತಪಾಸಣೆ ಮಾಡಿಸಿಕೊಳ್ಳಬೇಕು. ಚೆಕ್-ಇನ್ ಆಗಿದೆಯಲ್ಲ ಎಂದು ನೇರ ಗೇಟಿಗೆ ಹೋದವರನ್ನು ಹಿಂದಕ್ಕೆ ಕಳಿಸುತ್ತಾರೆ.

ವೀಸಾ ಮೊದಲು, ಟಿಕೆಟ್ ಆಮೇಲೆ

ಷೆಂಗೆನ್ ವಲಯದಲ್ಲಿ ಈಗ 29 ದೇಶಗಳಿವೆ. ಒಂದು ವೀಸಾ ಸಿಕ್ಕರೆ ಯಾವುದೇ 180 ದಿನಗಳಲ್ಲಿ ಗರಿಷ್ಠ 90 ದಿನ ಇಷ್ಟೂ ದೇಶಗಳಲ್ಲಿ ಓಡಾಡಬಹುದು. 2024ರ ಜೂನ್‌ನಿಂದ ಶುಲ್ಕ 90 ಯೂರೋ, ಆರರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಅದರ ಅರ್ಧ. 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಹಾಕಬೇಕು. ಅಗ್ಗದ ಟಿಕೆಟ್ ಕೊಂಡರೆ ಹಣ ವಾಪಸು ಬರುವುದಿಲ್ಲ, ಹಾಗಾಗಿ ವೀಸಾ ಕೈಗೆ ಬಂದ ಮೇಲೆಯೇ ಒಳಗಿನ ವಿಮಾನಗಳನ್ನು ಕಾದಿರಿಸಿ.

ಒಂದು ತಪ್ಪನ್ನು ನಮ್ಮವರು ಪದೇಪದೇ ಮಾಡುತ್ತಾರೆ. ಲಂಡನ್, ಡಬ್ಲಿನ್ ಎರಡೂ ಷೆಂಗೆನ್ ಹೊರಗಿವೆ. ಒಂದೇ ಪ್ರವೇಶದ ವೀಸಾ ಹಿಡಿದು ಪ್ಯಾರಿಸ್‌ಗೆ ಬಂದು, ಅಗ್ಗವಾಗಿದೆಯೆಂದು ಎರಡು ದಿನಕ್ಕೆ ಲಂಡನ್‌ಗೆ ಹೋದರೆ ಆ ವೀಸಾ ಅಲ್ಲಿಗೆ ಮುಗಿಯಿತು. ರೋಮ್‌ಗೆ ತಿರುಗಿ ಬರಲಾಗದು. ಬ್ರಿಟನ್ನಿಗೆ ಬೇರೆಯದೇ ವೀಸಾ ಬೇಕೆಂಬುದೂ ನೆನಪಿರಲಿ. ಆದರೆ ಮುಂಚೆ ಹೋಗಿಬಂದವರಿಗೆ ಒಳ್ಳೆಯ ಸುದ್ದಿಯಿದೆ. ಹಿಂದಿನ ಮೂರು ವರ್ಷದಲ್ಲಿ ಎರಡು ಷೆಂಗೆನ್ ವೀಸಾಗಳನ್ನು ನಿಯಮದಂತೆ ಬಳಸಿದ, ಭಾರತದಲ್ಲಿ ನೆಲೆಸಿರುವ ಭಾರತೀಯರಿಗೆ ಎರಡು ವರ್ಷದ ಬಹುಪ್ರವೇಶ ವೀಸಾ ಕೊಡುವ ಪದ್ಧತಿ 2024ರ ಏಪ್ರಿಲಿನಿಂದ ಬಂದಿದೆ.

ಊಟದ ಖರ್ಚು ಉಳಿಸಲು ಅಡುಗೆಮನೆಯಿರುವ ಮನೆ ಹಿಡಿದು, ಅವಲಕ್ಕಿ, ಸಾರಿನ ಪುಡಿ, ಚಟ್ನಿಪುಡಿ ಒಯ್ಯುವವರು ಬಹಳ. ಅದಕ್ಕೆ ಅಡ್ಡಿಯಿಲ್ಲ. ಹಾಲು, ಮಾಂಸದ ಪದಾರ್ಥಗಳನ್ನು ಮಾತ್ರ ಹೊರದೇಶದಿಂದ ಒಕ್ಕೂಟದೊಳಗೆ ತರುವಂತಿಲ್ಲ. ತುಪ್ಪದ ಡಬ್ಬಿ, ಧಾರವಾಡ ಪೇಡ ಮನೆಯಲ್ಲೇ ಉಳಿಯಲಿ. ಹಸಿ ಕರಿಬೇವಿಗೂ ಪ್ರವೇಶವಿಲ್ಲ.

ಬೇರೆಬೇರೆ ಟಿಕೆಟ್ಟಿನ ಅಪಾಯ, ವಿಳಂಬದ ಪರಿಹಾರ

ಬೆಂಗಳೂರಿನಿಂದ ಬರುವ ವಿಮಾನ ಒಂದು ಸಂಸ್ಥೆಯದು, ಮುಂದಿನ ಅಗ್ಗದ ವಿಮಾನ ಇನ್ನೊಂದರದು ಎಂದಾದರೆ ಅವೆರಡಕ್ಕೂ ಸಂಬಂಧವಿಲ್ಲ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ. ಇಳಿದ ದಿನ ಆ ಊರಿನಲ್ಲೇ ತಂಗಿ, ಮರುದಿನ ಹೊರಡುವಂತೆ ಯೋಜಿಸುವುದು ಸುರಕ್ಷಿತ. ವಾಪಸು ಬರುವಾಗಲೂ ಒಂದು ದಿನ ಮುಂಚೆ ಬಂದು ಸೇರಿಕೊಳ್ಳಿ.

ವಿಮಾನವೇ ತಡವಾದಾಗ ಪ್ರಯಾಣಿಕರ ಪರ ನಿಲ್ಲುವ ಕಾನೂನೂ ಯುರೋಪಿನಲ್ಲಿದೆ. 2005ರಿಂದ ಜಾರಿಯಲ್ಲಿರುವ 261ನೇ ನಿಯಮದಂತೆ, ಸಂಸ್ಥೆಯ ತಪ್ಪಿನಿಂದ ಮೂರು ಗಂಟೆಗೂ ಹೆಚ್ಚು ತಡವಾಗಿ ತಲುಪಿಸಿದರೆ ದೂರಕ್ಕೆ ತಕ್ಕಂತೆ 250, 400 ಅಥವಾ 600 ಯೂರೋ ಪರಿಹಾರ. ಹವಾಮಾನದಂಥ ಕಾರಣಕ್ಕೆ ಈ ಹಣ ಸಿಗದಿದ್ದರೂ ಊಟ, ರಾತ್ರಿ ಉಳಿಯಬೇಕಾದರೆ ಹೋಟೆಲು ಕೊಡಲೇಬೇಕು. ಟಿಕೆಟ್ಟಿಗೆ ಹತ್ತೇ ಯೂರೋ ಕೊಟ್ಟಿದ್ದರೂ ಸರಿ, ಪಾಸ್‌ಪೋರ್ಟ್ ಯಾವ ದೇಶದ್ದಾದರೂ ಸರಿ. ಯುರೋಪಿನ ಸಂಸ್ಥೆಯ ವಿಮಾನದಲ್ಲಿ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹೋಗುವಾಗಲೂ ಇದು ಅನ್ವಯಿಸುತ್ತದೆ. ಕೇಳದವರಿಗೆ ಯಾರೂ ತಾವಾಗಿ ಕೊಡುವುದಿಲ್ಲ. ಬೋರ್ಡಿಂಗ್ ಪಾಸ್ ಇಟ್ಟುಕೊಂಡು ಸಂಸ್ಥೆಯ ಜಾಲತಾಣದಲ್ಲೇ ಅರ್ಜಿ ಹಾಕಿ.

ಎಲ್ಲೆಲ್ಲಿ ರೈಲು

ಪ್ಯಾರಿಸ್–ಬ್ರಸೆಲ್ಸ್ ರೈಲಿನಲ್ಲಿ ಒಂದೂವರೆ ಗಂಟೆಯೊಳಗೆ. ಮ್ಯಾಡ್ರಿಡ್–ಬಾರ್ಸಿಲೋನಾ ಎರಡೂವರೆ, ಮಿಲಾನ್–ರೋಮ್ ಸುಮಾರು ಮೂರು ಗಂಟೆ. ಇಟಲಿ ಮತ್ತು ಸ್ಪೇನ್‌ನಲ್ಲಿ ರೈಲು ಸಂಸ್ಥೆಗಳ ನಡುವೆಯೇ ಪೈಪೋಟಿ ಇರುವುದರಿಂದ ಮುಂಚೆ ಕೊಂಡರೆ ದರವೂ ಹಗುರ. ನಾಲ್ಕು ಗಂಟೆಯೊಳಗಿನ ದಾರಿಗೆ ವಿಮಾನ ಬೇಡ.

ಬಾಡಿಗೆ ಕಾರು: ಕೌಂಟರಿಗೆ ಹೋಗುವ ಮುನ್ನ

ನಮ್ಮ ಲೈಸೆನ್ಸ್ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ನಿಮ್ಮ ಆರ್‌ಟಿಒ ಕಚೇರಿಯೇ ಅದನ್ನು ಕೊಡುತ್ತದೆ. ಸಾರಥಿ ಜಾಲತಾಣದಲ್ಲಿ ಅರ್ಜಿ, ಸಾವಿರ ರೂಪಾಯಿ ಶುಲ್ಕ, ಒಂದು ವರ್ಷದ ಅವಧಿ. ಅದು ಮೂಲ ಲೈಸೆನ್ಸಿನ ಬದಲಿಗಲ್ಲ, ಜೊತೆಗೆ ತೋರಿಸುವುದಕ್ಕೆ. ಎರಡೂ ಜೇಬಿನಲ್ಲಿರಲಿ.

ಚಾಲಕರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು. ಕಾರಿಗೆ ಪೆಟ್ಟಾದರೆ ನೀವು ಭರಿಸಬೇಕಾದ ಮೊತ್ತವೊಂದು ಕರಾರಿನಲ್ಲಿರುತ್ತದೆ. ಸಾವಿರ ಯೂರೋ ದಾಟುವುದು ಸಾಮಾನ್ಯ. ಅಷ್ಟನ್ನು ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ಕಾರ್ಡಿನ ಮಿತಿ ಸಾಲದೆ ಕೌಂಟರಿನಿಂದ ಬರಿಗೈಯಲ್ಲಿ ಹಿಂದಿರುಗಿದವರಿದ್ದಾರೆ. ಆ ಮೊತ್ತವನ್ನು ಸೊನ್ನೆ ಮಾಡುತ್ತೇವೆಂದು ಅಲ್ಲಿ ದಿನದ ಲೆಕ್ಕದಲ್ಲಿ ಇನ್ನೊಂದು ವಿಮೆ ಮಾರಲು ನೋಡುತ್ತಾರೆ, ಕೆಲವು ಸಲ ಅದು ಕಾರಿನ ಬಾಡಿಗೆಗಿಂತ ಹೆಚ್ಚಾಗುತ್ತದೆ. ಹೊಸ ರಸ್ತೆಯಲ್ಲಿ ಹೊಸ ಬದಿಯಲ್ಲಿ ಓಡಿಸುವವರಿಗೆ ಪೂರ್ಣ ವಿಮೆ ಬೇಕೇಬೇಕು ಎಂಬುದು ನನ್ನ ಅಭಿಪ್ರಾಯ. ಅದನ್ನು ಕೌಂಟರಿನಲ್ಲಲ್ಲ, ಬುಕ್ ಮಾಡುವಾಗಲೇ ಸೇರಿಸಿದರೆ ಅಗ್ಗ.

ಯುರೋಪಿನ ಬಾಡಿಗೆ ಕಾರುಗಳಲ್ಲಿ ಕೈಗೇರಿನವೇ ಅಗ್ಗ. ಆದರೆ ಬಲಬದಿಯ ಸಂಚಾರದಲ್ಲಿ ಸ್ಟೀರಿಂಗ್ ಎಡಕ್ಕೆ, ಗೇರು ಬಲಗೈಗೆ ಬರುತ್ತದೆ. ಎಡಗೈಯಲ್ಲಿ ಗೇರು ಹಾಕಿ ಅಭ್ಯಾಸವಾದವರಿಗೆ ಆಟೋಮ್ಯಾಟಿಕ್‌ಗೆ ಕೊಡುವ ಹೆಚ್ಚಿನ ಹಣ ದಂಡವಲ್ಲ. ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ಓಡಿಸುವ ನಾಲ್ಕು ದೇಶಗಳು ಅಲ್ಲಿವೆ: ಬ್ರಿಟನ್, ಐರ್ಲೆಂಡ್, ಮಾಲ್ಟಾ, ಸೈಪ್ರಸ್. ಮೊದಲ ಸಲ ಹೋಗುವವರು ಇಲ್ಲಿಂದ ಶುರುಮಾಡಿದರೆ ಧೈರ್ಯ ಬರುತ್ತದೆ. 25 ವರ್ಷದೊಳಗಿನ ಚಾಲಕರಿಗೆ ಹೆಚ್ಚಿನ ಶುಲ್ಕವಿದೆ. ಮಕ್ಕಳಿಗೆ ಅವರ ಎತ್ತರಕ್ಕೆ ತಕ್ಕ ಸೀಟು ಕಡ್ಡಾಯ. ತೊಡೆಯ ಮೇಲೆ ಕೂರಿಸಿಕೊಳ್ಳುವಂತಿಲ್ಲ.

ರಸ್ತೆಗಿಳಿದ ಮೇಲೆ

ಬಲಬದಿಯಲ್ಲಿ ಓಡಿಸುವ ದೇಶಗಳಲ್ಲಿ ವೃತ್ತಗಳನ್ನು ಅಪ್ರದಕ್ಷಿಣೆಯಾಗಿ ಸುತ್ತಬೇಕು. ಫ್ರಾನ್ಸಿನ ಊರುಗಳಲ್ಲಿ ಬೇರೆ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ದಾರಿ, ಅದು ಸಣ್ಣ ಗಲ್ಲಿಯಾಗಿದ್ದರೂ. ಝೀಬ್ರಾ ಪಟ್ಟೆಯ ಬಳಿ ಜನ ಕಾಲಿಟ್ಟರೆ ನಿಲ್ಲಲೇಬೇಕು. ಹೆದ್ದಾರಿಯ ಎಡ ಸಾಲು ಹಿಂದಿಕ್ಕುವುದಕ್ಕೆ ಮಾತ್ರ. ಫ್ರಾನ್ಸಿನಲ್ಲಿ ಹೆದ್ದಾರಿಯ ಮಿತಿ 130, ಮಳೆ ಬಂದರೆ 110.

ಟೋಲ್ ಪದ್ಧತಿ ದೇಶಕ್ಕೊಂದು. ಜರ್ಮನಿಯಲ್ಲಿ ಕಾರಿಗೆ ಟೋಲ್ ಇಲ್ಲ. ಫ್ರಾನ್ಸ್, ಇಟಲಿಗಳಲ್ಲಿ ನಮ್ಮಂತೆ ಗೇಟುಗಳು. ಸ್ವಿಟ್ಜರ್ಲೆಂಡ್ ಹೆದ್ದಾರಿಗೆ ವಿನ್ಯೆಟ್ ಎಂಬ ಚೀಟಿ ಬೇಕು. ಒಂದು ದಿನ ಓಡಿಸಿದರೂ ವರ್ಷದ 40 ಫ್ರಾಂಕ್ ಕೊಡಬೇಕು. ಆಸ್ಟ್ರಿಯದಲ್ಲಿ ಕಡಿಮೆ ದಿನಗಳ ಚೀಟಿ ಸಿಗುತ್ತದೆ.

ಬಂಕಿನ ಹೆಸರುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಇಟಲಿಯ ಗಸೋಲಿಯೊ, ಸ್ಪೇನಿನ ಗಸೋಲೆಯೊ, ಫ್ರಾನ್ಸಿನ ಗಜೋಲ್ ಮೂರೂ ಡೀಸೆಲ್. ಸ್ಪೇನಿನಲ್ಲೇ ಗಸೋಲಿನಾ ಎಂದರೆ ಪೆಟ್ರೋಲ್. ಗ್ಯಾಸೋಲಿನ್ ಎಂಬ ಅಮೆರಿಕದ ಮಾತು ಕಿವಿಯಲ್ಲಿದ್ದವರು ಇಲ್ಲಿ ಎಡವುತ್ತಾರೆ, ಹೆಚ್ಚಿನ ಬಂಕುಗಳಲ್ಲಿ ಹಾಕಿಕೊಡುವವರೂ ಇರುವುದಿಲ್ಲ. 2018ರಿಂದ ಎಲ್ಲೆಡೆ ಒಂದೇ ಗುರುತು ಬಂದಿದೆ: ನಳಿಗೆಯ ಮೇಲೆ ದುಂಡು ಚಿಹ್ನೆಯಿದ್ದರೆ ಪೆಟ್ರೋಲ್, ಚೌಕವಿದ್ದರೆ ಡೀಸೆಲ್. ಕಾರಿನ ಟ್ಯಾಂಕ್ ಮುಚ್ಚಳದ ಒಳಗೂ ಅದೇ ಚಿಹ್ನೆ ಇರುತ್ತದೆ. ಎರಡನ್ನೂ ಹೊಂದಿಸಿ ನೋಡಿ ಹಾಕಿ. ಯಂತ್ರ ರೂಪಾಯಿಯಲ್ಲಿ ಕೊಡುತ್ತೀರಾ, ಯೂರೋದಲ್ಲಾ ಎಂದು ಕೇಳಿದರೆ ಯಾವಾಗಲೂ ಯೂರೋ ಒತ್ತಿ. ರೂಪಾಯಿಯ ದರದಲ್ಲಿ ಅವರ ಲಾಭ ಸೇರಿರುತ್ತದೆ.

ಒಂದು ನಿಲ್ದಾಣ, ಮೂರು ದೇಶ

ಬಾಸೆಲ್–ಮುಲೂಸ್–ಫ್ರೈಬರ್ಗ್ ಯೂರೋಏರ್‌ಪೋರ್ಟ್ 1946ರಲ್ಲಿ ಶುರುವಾದದ್ದು. ಇರುವುದು ಪೂರ್ತಿ ಫ್ರಾನ್ಸಿನ ನೆಲದಲ್ಲಿ, ನಡೆಸುವುದು ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್ ಜೊತೆಗೂಡಿ. ಈಸಿಜೆಟ್‌ನ ದೊಡ್ಡ ನೆಲೆಗಳಲ್ಲಿ ಇದೂ ಒಂದು. ವಿಮಾನ ಮತ್ತು ಕಾರನ್ನು ಜೋಡಿಸಿ ತಿರುಗುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಹೊಳೆಯುವುದಿಲ್ಲ.

ಇಳಿದ ಕೂಡಲೇ ಕಾರು ಹಿಡಿಯಬೇಡಿ. 50ನೇ ನಂಬರಿನ ಬಸ್ಸು ನೇರ ಬಾಸೆಲ್ ರೈಲು ನಿಲ್ದಾಣಕ್ಕೆ ಹೋಗುತ್ತದೆ. ಬಾಸೆಲ್‌ನ ಹೋಟೆಲಿನಲ್ಲಿ ತಂಗುವವರಿಗೆ ಊರಿನ ಟ್ರಾಮ್, ಬಸ್ಸು ಉಚಿತ. ಎರಡು ದಿನ ಊರು, ರೈನ್ ನದಿ, ವಸ್ತುಸಂಗ್ರಹಾಲಯ ನೋಡಿಕೊಂಡು ಮತ್ತೆ ನಿಲ್ದಾಣಕ್ಕೆ ಬನ್ನಿ, ಆಗ ಕಾರು. ಇಲ್ಲೊಂದು ಸೂಕ್ಷ್ಮವಿದೆ. ನಿಲ್ದಾಣಕ್ಕೆ ಫ್ರೆಂಚ್ ಬದಿ, ಸ್ವಿಸ್ ಬದಿ ಎಂದು ಎರಡು ಬಾಗಿಲು. ಬಾಡಿಗೆ ಕಚೇರಿಗಳೂ ಎರಡೆರಡು. ಬಾಡಿಗೆ ಸಾಮಾನ್ಯವಾಗಿ ಫ್ರೆಂಚ್ ಬದಿಯಲ್ಲಿ ಕಡಿಮೆ. ಒಳಗೆ ನಡೆದು ಆ ಬದಿಗೆ ಹೋಗಬಹುದು, ಆದರೆ ಕಾರಿನಲ್ಲಿ ಒಂದು ಬದಿಯಿಂದ ಇನ್ನೊಂದಕ್ಕೆ ಬರಲು ಗಡಿ ಸುತ್ತಬೇಕು. ತೆಗೆದುಕೊಂಡ ಬದಿಗೇ ಹಿಂದಿರುಗಿಸಿ. ಫ್ರೆಂಚ್ ಕಾರಿಗೆ ಸ್ವಿಸ್ ಹೆದ್ದಾರಿ ಚೀಟಿ ಇರುವುದಿಲ್ಲವೆಂದೇ ತಿಳಿಯಿರಿ.

ಅಲ್ಲಿಂದ ಉತ್ತರಕ್ಕೆ ಅಲ್ಸಾಸ್. ಕೋಲ್ಮಾರ್ ಸುಮಾರು 60 ಕಿ.ಮೀ., ದಾರಿಯಲ್ಲಿ ಟೋಲ್ ಇಲ್ಲ. ಅಲ್ಲಿನ ಉಂಟರ್‌ಲಿಂಡನ್ ಸಂಗ್ರಹಾಲಯದಲ್ಲಿ ಗ್ರ್ಯೂನೆವಾಲ್ಡ್ ಐನೂರು ವರ್ಷದ ಹಿಂದೆ ಬಿಡಿಸಿದ ಈಸೆನ್‌ಹೈಮ್ ಚಿತ್ರಫಲಕಗಳಿವೆ. ಅವುಗಳ ಮುಂದೆ ಒಂದು ಗಂಟೆ ನಿಂತರೂ ಕಡಿಮೆ. ಸುತ್ತಲಿನ ದ್ರಾಕ್ಷಿತೋಟಗಳ ನಡುವೆ ಎಗಿಶೈಮ್, ರಿಕ್‌ವೀರ್, ಆಲ್ಬರ್ಟ್ ಶ್ವೈಟ್ಜರ್ ಹುಟ್ಟಿದ ಕೈಸರ್ಸ್‌ಬರ್ಗ್, ಒಂದಕ್ಕೊಂದು ಕಾಲು ಅರ್ಧ ಗಂಟೆಯ ದೂರದಲ್ಲಿ. ಕಾರು ಬೇಕಾಗುವುದು ಇಲ್ಲಿ. ಸ್ಟ್ರಾಸ್‌ಬರ್ಗ್ ನೋಡಲು ಕೋಲ್ಮಾರ್‌ನಲ್ಲಿ ಕಾರು ನಿಲ್ಲಿಸಿ ರೈಲು ಹತ್ತಿ, ಅರ್ಧ ಗಂಟೆಯ ದಾರಿ. 142 ಮೀಟರ್ ಎತ್ತರದ ಅಲ್ಲಿನ ಕೆತೀಡ್ರಲ್ ಇನ್ನೂರಕ್ಕೂ ಹೆಚ್ಚು ವರ್ಷ ಜಗತ್ತಿನ ಅತಿ ಎತ್ತರದ ಕಟ್ಟಡವಾಗಿತ್ತು. ಮರುದಿನ ಬ್ರೈಸಾಖ್ ಬಳಿ ರೈನ್ ದಾಟಿದರೆ ಜರ್ಮನಿ. ಫ್ರೈಬರ್ಗ್ ಬೀದಿಗಳ ಪಕ್ಕದಲ್ಲಿ ಹರಿಯುವ ಸಣ್ಣ ಕಾಲುವೆಗಳಲ್ಲಿ ಮಕ್ಕಳು ಮರದ ದೋಣಿ ಎಳೆಯುತ್ತಾರೆ. ಬ್ಲ್ಯಾಕ್ ಫಾರೆಸ್ಟ್‌ನ ಹಳ್ಳಿಯಲ್ಲಿ ತಂಗಿದರೆ ಅನೇಕ ಕಡೆ ಬಸ್ಸು, ರೈಲು ಉಚಿತವಾಗುವ ಕೋನುಸ್ ಅತಿಥಿ ಕಾರ್ಡ್ ಕೊಡುತ್ತಾರೆ, ಕೇಳಿ ಪಡೆಯಿರಿ. ದೊಡ್ಡ ಊರುಗಳ ಹೊರವಲಯದಲ್ಲಿ ಪಿ+ಆರ್ ಎಂಬ ಫಲಕವಿರುವ ನಿಲುಗಡೆಯಲ್ಲಿ ಕಾರು ಬಿಟ್ಟು ಟ್ರಾಮ್ ಹಿಡಿಯುವುದು ಎಲ್ಲೆಡೆ ನಡೆಯುವ ಪದ್ಧತಿ.

ನಗರದೊಳಗೆ ಕಾರು ಬೇಡ

ಲಂಡನ್ನಿನಲ್ಲಿ ನಡುಪೇಟೆಗೆ ಹೋಗಲು ದಟ್ಟಣೆ ಶುಲ್ಕ, ಹೊಗೆ ಹೆಚ್ಚಿರುವ ಹಳೆಯ ವಾಹನಕ್ಕೆ ಇನ್ನೊಂದು ಶುಲ್ಕ. ಎಲ್ಲಕ್ಕಿಂತ ಹೆಚ್ಚು ಜನ ಸಿಕ್ಕಿಬೀಳುವುದು ಇಟಲಿಯ ಝಡ್‌ಟಿಎಲ್ ವಲಯಗಳಲ್ಲಿ. ಫ್ಲಾರೆನ್ಸ್, ಪೀಸಾ, ಸಿಯೆನಾ, ರೋಮ್‌ಗಳ ಹಳೆಯ ಪೇಟೆಗೆ ಪರವಾನಗಿ ಇಲ್ಲದ ಕಾರು ಹೋಗುವಂತಿಲ್ಲ. ತಡೆಯಲು ಗೇಟಿಲ್ಲ, ಪೊಲೀಸಿಲ್ಲ. ಕೆಂಪು ಅಂಚಿನ ಬಿಳಿ ವೃತ್ತದ ಫಲಕ, ಮೇಲೊಂದು ಕ್ಯಾಮೆರಾ, ಅಷ್ಟೇ. ಪಕ್ಕದ ಫಲಕದಲ್ಲಿ ವಾರ್ಕೊ ಅತ್ತೀವೊ ಎಂದು ಬೆಳಗುತ್ತಿದ್ದರೆ ದಾರಿ ತೆರೆದಿದೆ ಎಂದಲ್ಲ, ನಿರ್ಬಂಧ ಜಾರಿಯಲ್ಲಿದೆ ಎಂದು. ಜಿಪಿಎಸ್ ತೋರಿಸಿತೆಂದು ಒಳಹೊಕ್ಕರೂ ದಂಡ ತಪ್ಪದು. ಹೋಟೆಲು ಆ ವಲಯದೊಳಗಿದ್ದರೆ ಮೊದಲೇ ಅವರಿಗೆ ಕಾರಿನ ನಂಬರ್ ಕೊಟ್ಟು ಅನುಮತಿ ಮಾಡಿಸಿಕೊಳ್ಳಬೇಕು.

ಕಾರು ಹಿಂದಿರುಗಿಸುವಾಗ

ತೆಗೆದುಕೊಳ್ಳುವಾಗಲೂ ಕೊಡುವಾಗಲೂ ಕಾರಿನ ಸುತ್ತ ಒಂದು ವಿಡಿಯೊ ಮಾಡಿ: ಚಕ್ರದ ಅಂಚು, ಗಾಜು, ಬಂಪರಿನ ಕೆಳಭಾಗ, ಇಂಧನದ ಮುಳ್ಳು. ನಿಲ್ದಾಣದ ಹತ್ತಿರದ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ ರಸೀದಿ ಇಟ್ಟುಕೊಳ್ಳಿ. ರಾತ್ರಿ ಕಚೇರಿ ಮುಚ್ಚಿದ ಮೇಲೆ ಪೆಟ್ಟಿಗೆಯಲ್ಲಿ ಕೀಲಿ ಹಾಕಿ ಬರುವುದಕ್ಕಿಂತ, ಹಗಲಿನಲ್ಲಿ ಯಾರಾದರೂ ನೋಡಿ ಸಹಿ ಹಾಕಿದ ಚೀಟಿ ಪಡೆದು ಹೊರಡುವುದು ಒಳ್ಳೆಯದು.

ಮನೆಗೆ ಬಂದ ಮೇಲೂ ಕರಾರುಪತ್ರ ಎಸೆಯಬೇಡಿ. ಇಟಲಿಯ ದಂಡದ ನೋಟಿಸು ವಿದೇಶದವರಿಗೆ ತಿಂಗಳುಗಳ ಮೇಲೆ, ಕೆಲವೊಮ್ಮೆ ವರ್ಷ ಸಮೀಪಿಸಿದ ಮೇಲೆ ಬರುತ್ತದೆ. ಬಾಡಿಗೆ ಸಂಸ್ಥೆ ಅದಕ್ಕೂ ಮೊದಲು ಕಾರ್ಡಿನಿಂದ ಕತ್ತರಿಸಿಕೊಳ್ಳುವ ಹಣ ನಿಮ್ಮ ವಿಳಾಸ ಒದಗಿಸಿದ್ದಕ್ಕೆ ಶುಲ್ಕ ಮಾತ್ರ, ದಂಡವಲ್ಲ. ನೋಟಿಸು ಕೈಸೇರಿದ ಐದು ದಿನದೊಳಗೆ ಕಟ್ಟಿದರೆ ದಂಡದಲ್ಲಿ ಶೇಕಡಾ 30 ಕಡಿತವಿದೆ.